ಹಲಗೆ ಮಾರಿದ ಮನೆ, ಹೆಸರು ಉಳಿಸಿದ ಸೊಸೆ

ಕಳೆದ ಸೆಮಿಸ್ಟರ್‌ನಲ್ಲಿ ಆಡಿಟೋರಿಯಂನಲ್ಲಿ ಒಂದು ಭಾಷಣ ಇತ್ತು. ಅಟೆಂಡೆನ್ಸ್ ಕೊಡ್ತಾರೆ ಅಂತ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಬಂದಿದ್ದ ಅತಿಥಿಗಳು ಪರದೆ ಮೇಲೆ ಯುರೋಪಿನ ಹಳೇ ವ್ಯಾಪಾರಿ ಮನೆತನಗಳ ಹೆಸರು ತೋರಿಸಿ, ಇವರೆಲ್ಲ ಪರದೇಶಕ್ಕೆ ಒಂಟಿಯಾಗಿ ಹೋದವರು, ರಿಸ್ಕ್ ತಗೊಂಡವರು, ಮುನ್ನೂರು ವರ್ಷ ಉಳಿಯೋ ಹೆಸರು ಕಟ್ಟಿದವರು, ನೀವು ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ ಸಾಲು ನಿಂತಿದ್ದೀರಿ ಅಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಆ ಪಟ್ಟಿಯಲ್ಲಿ ಒಂದು ಹೆಸರು ಮಾತ್ರ ತಲೆಯಲ್ಲಿ ಉಳೀತು: ಕೊಲೆಟ್. ನಾರ್ವೆಯ ಮನೆತನ, ಮೂಲ ಇಂಗ್ಲೆಂಡ್. ಹಾಸ್ಟೆಲಿಗೆ ಬಂದು ಓದೋಕೆ ಶುರು ಮಾಡಿದವನು ಇಂಟರ್ನಲ್ಸ್ ಬಂದರೂ ನಿಲ್ಲಿಸಲಿಲ್ಲ. ಓದಿದ ಮೇಲೆ ಆ ಚಪ್ಪಾಳೆ ವಾಪಸ್ ತಗೋಬೇಕು ಅನ್ನಿಸಿತು. ಪೂರ್ತಿ ಅಲ್ಲ, ಅರ್ಧ. ಯಾಕೆ ಅರ್ಧ ಅಂತ ಹೇಳೋದಕ್ಕೇ ಈ ಬರಹ.

ಕಥೆ ಶುರುವಾಗೋದು ಬೆಂಕಿಯಿಂದ. 1666ರ ಸೆಪ್ಟೆಂಬರ್‌ನಲ್ಲಿ ಲಂಡನ್ ಹೊತ್ತಿ ಉರೀತು. ಹದಿಮೂರು ಸಾವಿರಕ್ಕೂ ಹೆಚ್ಚು ಮನೆಗಳು ಬೂದಿ. ಇನ್ಮೇಲೆ ಹೊರಗೋಡೆ ಇಟ್ಟಿಗೆಯದೇ ಇರಬೇಕು ಅಂತ ಕಾನೂನು ಬಂತು. ಆದರೆ ಸಿವಿಲ್‌ನವರನ್ನು ಕೇಳಿ, ಗೋಡೆ ಇಟ್ಟಿಗೆಯದಾದ ಮಾತ್ರಕ್ಕೆ ಮರ ಬೇಡ ಅಂತಾಗಲ್ಲ. ಮಹಡಿಯ ನೆಲ, ತೊಲೆ, ಛಾವಣಿ, ಬಾಗಿಲು, ಕಟ್ಟುವಾಗ ನಿಲ್ಲಿಸೋ ಸಾರುವೆ, ಎಲ್ಲಕ್ಕೂ ಮರವೇ ಬೇಕು. ಅಷ್ಟು ಮರ ಇಂಗ್ಲೆಂಡಿನಲ್ಲಿ ಇರಲಿಲ್ಲ. ಉತ್ತರ ಸಮುದ್ರ ದಾಟಿದರೆ ನಾರ್ವೆ, ಅಲ್ಲಿ ಪೈನ್ ಮತ್ತು ಸ್ಪ್ರೂಸ್ ಕಾಡು, ಕಾಡಿನಿಂದ ಇಳಿದು ಬರೋ ನದಿ, ನದಿ ಬಾಯಲ್ಲಿ ಬಂದರು. ಲಂಡನ್ ಉರಿದ ಬೆಂಕಿಯಲ್ಲಿ ನಾರ್ವೆಯವರು ಚಳಿ ಕಾಯಿಸಿಕೊಂಡರು ಅಂತ ಆಗಿನ ಕಾಲದಲ್ಲೇ ಒಂದು ಮಾತಿತ್ತಂತೆ. ಮಲೆನಾಡಿನವರು ಇದನ್ನ ಓದ್ತಿದ್ರೆ ನಿಮಗೆ ನಾಟಾ ವ್ಯಾಪಾರದ ಬಗ್ಗೆ ನಾನು ಹೇಳಬೇಕಾಗಿಲ್ಲ.

ಜೇಮ್ಸ್ ಕೊಲೆಟ್ ಹುಟ್ಟಿದ್ದು 1655ರಲ್ಲಿ, ಲಂಡನ್‌ನಲ್ಲಿ. ಊರು ಉರಿದಾಗ ಹನ್ನೊಂದು ವರ್ಷದ ಹುಡುಗ. 1683ರಲ್ಲಿ, ಇಪ್ಪತ್ತೆಂಟನೇ ವಯಸ್ಸಿಗೆ, ಅವನು ಕ್ರಿಶ್ಚಾನಿಯಾಕ್ಕೆ ಬಂದ. ಕ್ರಿಶ್ಚಾನಿಯಾ ಅಂದ್ರೆ ಇವತ್ತಿನ ಓಸ್ಲೋ. ಹಳೇ ಓಸ್ಲೋ 1624ರಲ್ಲಿ ಸುಟ್ಟುಹೋದ ಮೇಲೆ ರಾಜ ನಾಲ್ಕನೇ ಕ್ರಿಶ್ಚಿಯನ್ ಕೊಲ್ಲಿಯ ಆಚೆ ದಡದಲ್ಲಿ ಹೊಸ ಊರು ಕಟ್ಟಿ ತನ್ನ ಹೆಸರಿಟ್ಟಿದ್ದ. 1925ರಲ್ಲಿ ಮತ್ತೆ ಓಸ್ಲೋ ಆಯಿತು. ಆ ಹೊಸ ಊರಲ್ಲೂ ಬೆಂಕಿಯ ಭಯಕ್ಕೆ ಬರೀ ಮರದ ಮನೆ ಕಟ್ಟೋ ಹಾಗಿರಲಿಲ್ಲ. ಅಂದ್ರೆ ಮರ ಮಾರಿ ಶ್ರೀಮಂತರಾದವರು ಇಟ್ಟಿಗೆ ಮನೆಯಲ್ಲಿ ಕೂತು, ಇನ್ನೊಂದು ಸುಟ್ಟ ಊರಿನ ಇಟ್ಟಿಗೆ ಮನೆಗಳಿಗೆ ಮರ ಕಳಿಸುತ್ತಿದ್ದರು. ಜೇಮ್ಸ್‌ನ ಮನೆಯನ್ನು ಈಗ ಓಸ್ಲೋದ ಜಾನಪದ ವಸ್ತುಸಂಗ್ರಹಾಲಯದ ಬಯಲಿಗೆ ಸಾಗಿಸಿ ನಿಲ್ಲಿಸಿದ್ದಾರೆ.

ಆಗ ನಾರ್ವೆ ಸ್ವತಂತ್ರ ದೇಶ ಅಲ್ಲ, ಡೆನ್ಮಾರ್ಕಿನ ರಾಜನ ಕೈಕೆಳಗೆ ಇತ್ತು. ರಾಜಧಾನಿ ಕೋಪನ್‌ಹೇಗನ್. ಲಂಡನ್ನಿನ ಹುಡುಗ ಒಬ್ಬ ಅಲ್ಲಿಗೆ ಬಂದು, ಊರಿನ ಲೊಯ್ಕ್ ಅನ್ನೋ ಮನೆತನದ ಜೊತೆ ಪಾಲುದಾರಿಕೆ ಮಾಡಿ, ಅದೇ ಮನೆಯ ಹುಡುಗಿಯನ್ನು ಮದುವೆಯಾಗಿ, ದೊಡ್ಡ ವ್ಯಾಪಾರಿಯಾದ. 1727ರಲ್ಲಿ ಸಾಯೋ ಹೊತ್ತಿಗೆ ಅವನು ಆ ಊರಿನ ದೊಡ್ಡ ಕುಳ. ಭಾಷಣದಲ್ಲಿ ಹೇಳಿದ್ದು ಇಷ್ಟೇ.

ಇದರಲ್ಲಿ ಸುಳ್ಳಿಲ್ಲ. ರಿಸ್ಕ್ ಇತ್ತು ಅನ್ನೋದನ್ನೂ ನಾನು ಒಪ್ತೀನಿ, ನನ್ನ ಅರ್ಧ ಚಪ್ಪಾಳೆ ಅದಕ್ಕೇ. ಹಣ ಹೇಗೆ ಸಿಕ್ಕಿಹಾಕಿಕೊಳ್ತಿತ್ತು ನೋಡಿ. ಚಳಿಗಾಲದಲ್ಲಿ ಮರ ಕಡೀಬೇಕು, ಯಾಕಂದ್ರೆ ಹಿಮ ಇದ್ದಾಗಲೇ ದಿಮ್ಮಿಯನ್ನು ನದಿಯವರೆಗೆ ಜಾರಿಸಿಕೊಂಡು ಹೋಗೋಕಾಗೋದು. ವಸಂತದಲ್ಲಿ ಹಿಮ ಕರಗಿ ನದಿ ತುಂಬಿದಾಗ ದಿಮ್ಮಿ ತೇಲಿಬಿಡಬೇಕು. ಕೆಳಗೆ ಜಲಪಾತದ ಹತ್ತಿರ ಗರಗಸದ ಗಿರಣಿ, ಅಲ್ಲಿ ಹಲಗೆ ಕೊಯ್ಯಬೇಕು. ಗ್ಲೊಮ್ಮಾ ನದಿಯ ಕಡೆ ಕೊಯ್ದ ಹಲಗೆ ಕ್ರಿಶ್ಚಾನಿಯಾ ಬಂದರಿಗೆ ಬರಬೇಕಾದರೆ ಮತ್ತೊಂದು ಚಳಿಗಾಲ ಬರಬೇಕು, ಕುದುರೆ ಎಳೆಯೋ ಜಾರುಬಂಡಿಯಲ್ಲಿ ರೈತರು ಸಾಗಿಸಬೇಕು. ಆಮೇಲೆ ಬೇಸಿಗೆಯಲ್ಲಿ ಹಡಗು. ಹಡಗು ಲಂಡನ್ ಮುಟ್ಟಿ, ಅಲ್ಲಿಯ ಗಿರಾಕಿ ಹುಂಡಿ ಬರೆದು, ಅದು ನಗದಾಗಬೇಕು. ಮರಕ್ಕೆ ಕೊಡಲಿ ಬಿದ್ದ ದಿನದಿಂದ ಕೈಗೆ ಕಾಸು ಬರೋವರೆಗೆ ಸುಲಭವಾಗಿ ಒಂದೂವರೆ ವರ್ಷ, ಎರಡು ವರ್ಷ. ಅಷ್ಟು ದಿನ ಹಣ ಬಿಟ್ಟುಕೊಂಡು ಕೂರೋದು ಎಲ್ಲರ ಕೈಲಾಗೋ ಮಾತಲ್ಲ. ಲಂಡನ್ನಿನಲ್ಲಿ ಯಾರನ್ನು ನಂಬಬಹುದು, ಯಾವ ಅಳತೆಯ ಹಲಗೆಗೆ ಬೆಲೆ, ಯಾರ ಸಹಿಗೆ ಸಾಲ ಹುಟ್ಟುತ್ತೆ ಅಂತ ಗೊತ್ತಿದ್ದವನಿಗೆ ಮಾತ್ರ ಸಾಧ್ಯ. ಜೇಮ್ಸ್‌ಗೆ ಅದು ಗೊತ್ತಿತ್ತು. ಹಾಗಾಗಿ ‘ಬರಿಗೈಲಿ ಬಂದ’ ಅನ್ನೋದನ್ನ ನಾನು ಒಪ್ಪಲ್ಲ. ಲಂಡನ್ ಪೇಟೆಯ ನಾಡಿಯನ್ನೇ ಜೇಬಲ್ಲಿಟ್ಟುಕೊಂಡು ಬಂದವನ ಕೈ ಬರಿಗೈ ಹೇಗಾಗುತ್ತೆ?

ಇಲ್ಲಿ ಮೆಕ್ಯಾನಿಕಲ್‌ನವರಿಗಾಗಿ ಎರಡು ಮಾತು. ಆ ಗಿರಣಿಗಳಲ್ಲಿ ಇದ್ದದ್ದು ನೀರಿನ ಚಕ್ರದಿಂದ ಮೇಲೆ ಕೆಳಗೆ ಆಡೋ ನೇರ ಗರಗಸ, ಒಂದು ಚೌಕಟ್ಟಿನಲ್ಲಿ ಕೂರಿಸಿದ ಅಲಗು. ನಾರ್ವೆಗೆ ಅದು 1500ರ ದಶಕಗಳಲ್ಲೇ ಬಂದಿತ್ತು. ಅಲಗು ದಪ್ಪ, ಹಾಗಾಗಿ ಪ್ರತಿ ಕೊಯ್ತಕ್ಕೂ ಒಂದಷ್ಟು ಮರ ಪುಡಿಯಾಗಿ ಹೋಗುತ್ತೆ. ಆದರೂ ಕೈಗರಗಸದಲ್ಲಿ ಇಬ್ಬರು ದಿನವಿಡೀ ಕೊಯ್ಯೋದಕ್ಕೂ ಇದಕ್ಕೂ ಹೋಲಿಕೆ ಇಲ್ಲ. ಮುಖ್ಯ ವಿಷಯ ಏನಂದ್ರೆ ಈ ಗಿರಣಿ ಕಟ್ಟೋಕೆ ದೊಡ್ಡ ವಿದ್ಯೆ ಬೇಕಿರಲಿಲ್ಲ. ಹರಿಯೋ ತೊರೆ ಇದ್ದ, ಕಾಡಿದ್ದ ರೈತ ತಾನೇ ಒಂದು ಕಟ್ಟಿಕೊಳ್ತಿದ್ದ. ದಕ್ಷಿಣ ನಾರ್ವೆಯಲ್ಲಿ ಅಂಥ ಸಣ್ಣ ಗಿರಣಿಗಳು ಲೆಕ್ಕವಿಲ್ಲದಷ್ಟು ಇದ್ದವು.

ಈಗ ಭಾಷಣದಲ್ಲಿ ಬರದೇ ಇದ್ದ ವರ್ಷಕ್ಕೆ ಬರ್ತೀನಿ. 1688. ಜೇಮ್ಸ್ ಬಂದ ಐದು ವರ್ಷಕ್ಕೆ ರಾಜ ಒಂದು ಆಜ್ಞೆ ಹೊರಡಿಸಿದ. ರಫ್ತಿಗೆ ಹಲಗೆ ಕೊಯ್ಯೋ ಗಿರಣಿಗೆ ಇನ್ಮೇಲೆ ರಾಜನ ಪರವಾನಗಿ ಬೇಕು. ಯಾವ ಗಿರಣಿ ವರ್ಷಕ್ಕೆ ಎಷ್ಟು ಹಲಗೆ ಕೊಯ್ಯಬಹುದು ಅನ್ನೋದಕ್ಕೂ ಮಿತಿ. ಪರವಾನಗಿ ಇಲ್ಲದ ಗಿರಣಿ ಮನೆ ಬಳಕೆಗೆ ಮಾತ್ರ ಕೊಯ್ಯಬೇಕು, ಇಲ್ಲ ಮುಚ್ಚಬೇಕು. ಕಾಡು ಉಳಿಸಬೇಕು ಅನ್ನೋದು ಕೊಟ್ಟ ಕಾರಣ. ಕಾರಣ ಪೂರ್ತಿ ಸುಳ್ಳೇನಲ್ಲ, ಕಾಡು ನಿಜವಾಗಿಯೂ ಬೋಳಾಗ್ತಾ ಇತ್ತು. ಆದರೆ ಪರವಾನಗಿ ಸಿಕ್ಕಿದ್ದು ಯಾರಿಗೆ? ಹೆಚ್ಚಾಗಿ ಪೇಟೆಯ ವ್ಯಾಪಾರಿಗಳಿಗೆ, ಅಧಿಕಾರಿಗಳಿಗೆ, ದೊಡ್ಡ ಜಮೀನ್ದಾರರಿಗೆ. ಇದಕ್ಕೂ ಮೊದಲು, 1662ರಲ್ಲೇ, ಮರದ ವ್ಯಾಪಾರ ಮಾಡೋ ಹಕ್ಕು ಪೇಟೆಯ ಪೌರರಿಗೆ ಮಾತ್ರ ಅಂತ ಆಗಿತ್ತು. ಎರಡನ್ನೂ ಸೇರಿಸಿ ನೋಡಿ. ಮರ ರೈತನದು, ತೊರೆ ರೈತನದು, ಆದರೆ ಹಲಗೆ ಕೊಯ್ದು ರಫ್ತು ಮಾಡೋ ಹಕ್ಕು ಅವನದಲ್ಲ. ದಿಮ್ಮಿಯನ್ನು ಪೇಟೆಯವನಿಗೇ ಕೊಡಬೇಕು, ಪೇಟೆಯವನು ಹೇಳಿದ ಬೆಲೆಗೆ. ಆ ಬೆಲೆಯೂ ಎಷ್ಟೋ ಸಲ ಕಾಸಾಗಿ ಕೈಗೆ ಬರ್ತಿರಲಿಲ್ಲ. ವ್ಯಾಪಾರಿಯ ಅಂಗಡಿಯಿಂದ ಕಾಳು, ಉಪ್ಪು, ಬಟ್ಟೆ ಉದ್ರಿ ತಂದಿರೋದರ ಲೆಕ್ಕಕ್ಕೆ ಅದು ಜಮಾ. ಉದ್ರಿ ತೀರಲ್ಲ, ತೀರದಿದ್ದರೆ ಬೇರೆ ಕಡೆ ಮಾರೋಕಾಗಲ್ಲ. ಮಂಡಿ ದಲ್ಲಾಳಿಯ ಹತ್ತಿರ ಮುಂಗಡ ತಗೊಂಡ ಮನೆಯಲ್ಲಿ ಹುಟ್ಟಿದವರಿಗೆ ಈ ಗಣಿತ ಬಿಡಿಸಿ ಹೇಳಬೇಕಾಗಿಲ್ಲ.

ಇದರ ವಿರುದ್ಧ ಕೂಗೆದ್ದಿಲ್ಲ ಅಂತಲ್ಲ. 1786-87ರಲ್ಲಿ ದಕ್ಷಿಣ ಕರಾವಳಿಯ ಕಡೆ ಕ್ರಿಶ್ಚಿಯನ್ ಲೋಫ್ಟ್‌ಹುಸ್ ಅನ್ನೋ ರೈತ, ಅಧಿಕಾರಿಗಳು ಹೆಚ್ಚು ತೆರಿಗೆ ವಸೂಲಿ ಮಾಡ್ತಾರೆ, ವ್ಯಾಪಾರಿಗಳ ಏಕಸ್ವಾಮ್ಯದಿಂದ ನಾವು ಸಾಯ್ತಿದ್ದೀವಿ ಅಂತ ದೂರು ಹಿಡಿದು ಕೋಪನ್‌ಹೇಗನ್‌ಗೇ ಹೋದ. ವಾಪಸ್ ಬಂದು ಜನ ಸೇರಿಸಿದ. 1787ರಲ್ಲಿ ಅವನನ್ನು ಹಿಡಿದು ಕ್ರಿಶ್ಚಾನಿಯಾದ ಆಕೆರ್ಸ್‌ಹುಸ್ ಕೋಟೆಯಲ್ಲಿ ಸರಪಳಿ ಹಾಕಿ ಕೂಡಿಟ್ಟರು. ಹತ್ತು ವರ್ಷ ಅಲ್ಲೇ ಇದ್ದು 1797ರಲ್ಲಿ ಸತ್ತ. ಅವನ ಜಗಳ ಬೇರೆ ಊರಿನ ವ್ಯಾಪಾರಿಗಳ ಜೊತೆ, ಕೊಲೆಟ್‌ಗಳ ಜೊತೆ ಅಲ್ಲ. ಆದರೆ ವ್ಯವಸ್ಥೆ ಒಂದೇ. ಅವನು ಕೋಟೆಯಲ್ಲಿ ಕೊಳೆಯುತ್ತಿದ್ದ ಅದೇ ವರ್ಷಗಳಲ್ಲಿ, ಊರಾಚೆ ಉಲ್ಲೆವೋಲ್ ಅನ್ನೋ ತೋಟದಮನೆಯಲ್ಲಿ ಜಾನ್ ಕೊಲೆಟ್ (1758–1810) ಔತಣ ಕೊಡ್ತಿದ್ದ.

ಉಲ್ಲೆವೋಲ್ ಹೆಸರು ಫುಟ್‌ಬಾಲ್ ನೋಡೋರಿಗೆ ಗೊತ್ತು. ಹಾಲಂಡ್ ನಾರ್ವೆ ಪರ ಆಡೋ ಸ್ಟೇಡಿಯಂ. ಓಸ್ಲೋದವರಿಗೆ ಅದು ದೊಡ್ಡಾಸ್ಪತ್ರೆಯ ಹೆಸರು ಕೂಡ. ಜಾನ್ ಕೊಲೆಟ್ ಕಾಲದಲ್ಲಿ ಅದು ಮಾದರಿ ಬೇಸಾಯದ ಜಾಗ. ಹೊಸ ಬೇಸಾಯ ಕ್ರಮಗಳನ್ನು ಅಲ್ಲಿ ಪ್ರಯೋಗ ಮಾಡ್ತಿದ್ದ, ಆ ಆಸಕ್ತಿ ಪ್ರಾಮಾಣಿಕವಾದದ್ದೇ. ಅವನ ಹೆಂಡತಿ ಟೀನಾ, ಅವನಿಗೆ ದಾಯಾದಿ ಸಂಬಂಧದವಳೇ. ಅವಳ ಆತಿಥ್ಯ ಊರಿಗೆಲ್ಲ ಪ್ರಸಿದ್ಧ. ಇವರನ್ನೇ ನಾರ್ವೆಯವರು ಇವತ್ತಿಗೂ ‘ಹಲಗೆ ದೊರೆಗಳು’ ಅನ್ನೋ ಅರ್ಥದ ಹೆಸರಿಂದ ಕರೀತಾರೆ. ಪದದಲ್ಲಿ ಅರ್ಧ ಗೌರವ, ಅರ್ಧ ಕುಹಕ.

ಮದುವೆಗಳ ವಿಷಯ ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ತೀನಿ. ನಮ್ಮಲ್ಲಿ ಸೋದರಿಕೆ ಸಂಬಂಧ ಅಂದ್ರೆ ಹಿಂದುಳಿದ ಪದ್ಧತಿ, ಆಸ್ತಿ ಹೊರಗೆ ಹೋಗಬಾರದು ಅನ್ನೋ ಹಳ್ಳಿ ಬುದ್ಧಿ ಅಂತ ಮೂಗು ಮುರೀತೀವಿ. ಆ ಹಲಗೆ ದೊರೆಗಳು ಮಾಡ್ತಿದ್ದದ್ದೂ ಅದೇ. ಲೊಯ್ಕ್ ಮನೆಯಿಂದ ಹೆಣ್ಣು ತಂದ ಜೇಮ್ಸ್‌ನ ಮೊಮ್ಮಗಳು ಮಾಥಿಯಾ ಕೊಲೆಟ್ 1758ರಲ್ಲಿ ಮತ್ತೆ ಲೊಯ್ಕ್ ಮನೆಗೇ ಸೊಸೆಯಾಗಿ ಹೋದಳು, ಮಾರ್ಟೆನ್ ಲೊಯ್ಕ್‌ನ ಕೈಹಿಡಿದು. ಆ ಮದುವೆಗೆ ಟುಲ್ಲಿನ್ ಅನ್ನೋ ಕವಿ ಬರೆದ ‘ಮೇ ದಿನ’ ಕವನ ಡೇನಿಷ್-ನಾರ್ವೇಜಿಯನ್ ಸಾಹಿತ್ಯ ಚರಿತ್ರೆಯಲ್ಲಿ ಸೇರಿದೆ. ಗಂಡ 1768ರಲ್ಲಿ ತೀರಿಕೊಂಡ. 1773ರಲ್ಲಿ ಅವಳು ಬೆರ್ನ್ಟ್ ಆಂಕರ್‌ನನ್ನು ಮದುವೆಯಾದಳು, ಆಂಕರ್ ಊರಿನ ಅತಿ ದೊಡ್ಡ ಶ್ರೀಮಂತನಾದ. ಹೀಗೆ ಕೊಲೆಟ್, ಲೊಯ್ಕ್, ಆಂಕರ್ ಮೂರೂ ಮನೆ ಒಂದೇ ಹಗ್ಗಕ್ಕೆ ಹೆಣೆದುಕೊಂಡವು. ಸಾಲಕ್ಕೆ ಜಾಮೀನು ಯಾರು? ಭಾವ. ಹಡಗಿನಲ್ಲಿ ಪಾಲು ಯಾರದು? ಮಾವನದು. ಬ್ಯಾಂಕ್ ಇಲ್ಲದ ಕಾಲದಲ್ಲಿ ಮದುವೆಯೇ ಬ್ಯಾಂಕ್. ಇವತ್ತಿನ ಭಾಷಣಕಾರರು ಇದನ್ನ ‘ನೆಟ್‌ವರ್ಕಿಂಗ್’ ಅಂತ ಒಂದು ಪದದಲ್ಲಿ ಮುಗಿಸ್ತಾರೆ. ಆ ನೆಟ್‌ವರ್ಕಿನ ತಂತಿ ಹೆಣ್ಣುಮಕ್ಕಳು ಅಂತ ಹೇಳಲ್ಲ. ಅಂದಹಾಗೆ ಈ ಬೆರ್ನ್ಟ್ ಆಂಕರ್‌ನ ಸೋದರ ಸಂಬಂಧಿ ಪೀಟರ್ ಆಂಕರ್ 1788ರಿಂದ 1806ರವರೆಗೆ ತಮಿಳುನಾಡಿನ ತರಂಗಂಬಾಡಿಯಲ್ಲಿ ಡೇನಿಷರ ಗವರ್ನರ್ ಆಗಿದ್ದ, ದಕ್ಷಿಣ ಭಾರತದ ದೇವಸ್ಥಾನ, ಕೋಟೆಗಳ ಚಿತ್ರ ಬರೀತಿದ್ದ. ಕ್ರಿಶ್ಚಾನಿಯಾ ಕಟ್ಟಿಸಿದ ಅದೇ ನಾಲ್ಕನೇ ಕ್ರಿಶ್ಚಿಯನ್‌ನ ಕಾಲದಲ್ಲೇ, 1620ರಲ್ಲಿ, ತಂಜಾವೂರಿನ ರಘುನಾಥ ನಾಯಕನಿಂದ ಡೇನಿಷರು ಪಡೆದ ಜಾಗ ಅದು. ಪ್ರಪಂಚ ಆಗಲೂ ಚಿಕ್ಕದೇ.

ಬಿದ್ದದ್ದು ಹೇಗೆ ಅನ್ನೋದು ಎದ್ದದ್ದಕ್ಕಿಂತ ಬೇಗ ಹೇಳಿ ಮುಗಿಯುತ್ತೆ. 1807ರಲ್ಲಿ ಬ್ರಿಟಿಷ್ ನೌಕಾಪಡೆ ಕೋಪನ್‌ಹೇಗನ್ ಮೇಲೆ ಗುಂಡಿನ ಮಳೆ ಸುರಿಸಿ ಹಡಗುಗಳನ್ನು ಎಳೆದುಕೊಂಡು ಹೋಯಿತು. ಡೆನ್ಮಾರ್ಕ್-ನಾರ್ವೆ ನೆಪೋಲಿಯನ್ ಪಕ್ಷ ಸೇರಿತು. ಮುಖ್ಯ ಗಿರಾಕಿಯೇ ಶತ್ರುವಾದ. ಸಮುದ್ರದಲ್ಲಿ ದಿಗ್ಬಂಧನ, ಹಲಗೆ ಹೋಗಲ್ಲ, ಧಾನ್ಯ ಬರಲ್ಲ, ಬಡವರು ಮರದ ತೊಗಟೆ ಬೆರೆಸಿದ ರೊಟ್ಟಿ ತಿಂದರು. ನಡುವೆ ಕೆಲವು ವರ್ಷ ಬ್ರಿಟಿಷರು ಲೈಸೆನ್ಸ್ ಕೊಟ್ಟು ಮರ ತರಿಸಿಕೊಂಡರು, ಅದೂ ನಿಂತಿತು. 1813ರಲ್ಲಿ ಡೇನಿಷ್ ಸರ್ಕಾರವೇ ದಿವಾಳಿ. ಯುದ್ಧ ಮುಗಿದ ಮೇಲಾದರೂ ಎಲ್ಲ ಸರಿಹೋಗುತ್ತೆ ಅಂದುಕೊಂಡರೆ ಬ್ರಿಟನ್ ತನ್ನ ಕೆನಡಾದ ಮರಕ್ಕೆ ಸುಂಕ ಕಡಿಮೆ ಮಾಡಿ ನಾರ್ವೆಯ ಮರಕ್ಕೆ ಏರಿಸಿ ಕೂತಿತ್ತು. ಹಲಗೆ ದೊರೆಗಳ ಮನೆಗಳು ಒಂದರ ಹಿಂದೊಂದು ಮುಗ್ಗರಿಸಿದವು. ಆಂಕರ್‌ನ ಆಸ್ತಿಯೇ 1819ರಲ್ಲಿ ದಿವಾಳಿಯಾಯಿತು. ಕೊಲೆಟ್‌ಗಳ ಹಳೇ ವೈಭವವೂ ಮುಗಿಯಿತು. ಈ ಮಹಾಶಯರು ಏಕಾಏಕಿ ದಡ್ಡರಾದದ್ದಲ್ಲ, ಸೋಮಾರಿಗಳಾದದ್ದೂ ಅಲ್ಲ. ಬರೆದುಕೊಟ್ಟ ರಾಜ ಹೋದ, ಕೊಳ್ಳೋ ರಾಜ ನಿಯಮ ಬದಲಾಯಿಸಿದ, ಅಷ್ಟೇ. ನಿಯಮದಿಂದ ಬಿದ್ದದ್ದನ್ನು ದುರದೃಷ್ಟ ಅನ್ನೋದಾದರೆ, ನಿಯಮದಿಂದ ಎದ್ದದ್ದನ್ನು ಮಾತ್ರ ಪ್ರತಿಭೆ ಅನ್ನೋದು ಯಾವ ಲೆಕ್ಕ?

ಹಣ ಹೋದರೂ ಮನೆತನ ಹೋಗಲಿಲ್ಲ. ಮಕ್ಕಳು ಅಷ್ಟರಲ್ಲಿ ಕಾನೂನು ಓದಿ ಅಧಿಕಾರಿಗಳಾಗಿದ್ದರು. 1814ರಲ್ಲಿ ನಾರ್ವೆ ಡೆನ್ಮಾರ್ಕಿನಿಂದ ಬಿಡಿಸಿಕೊಂಡು ಐಡ್ಸ್‌ವೋಲ್‌ನಲ್ಲಿ ಸಂವಿಧಾನ ಬರೆದಾಗ ಅಲ್ಲಿದ್ದ 112 ಜನರಲ್ಲಿ ಯೋನಾಸ್ ಕೊಲೆಟ್ (1772–1851) ಒಬ್ಬ. ಆಮೇಲೆ ಇಪ್ಪತ್ತೆರಡು ವರ್ಷ ಮಂತ್ರಿ. 1827ರಲ್ಲಿ ಸಂಸತ್ತು ಅವನ ಮೇಲೆ ಮಹಾಭಿಯೋಗ ಹೂಡಿತು, ಖುಲಾಸೆಯಾದ. 1836ರಲ್ಲಿ ರಾಜನೇ ಮನೆಗೆ ಕಳಿಸಿದ.

ಆ ಸಂವಿಧಾನ ಆ ಕಾಲಕ್ಕೆ ಬಹಳ ಉದಾರವಾದದ್ದು ಅಂತ ಎಲ್ಲ ಪುಸ್ತಕಗಳೂ ಹೇಳುತ್ತವೆ, ನಿಜ. ಆದರೆ ಅದರ ಎರಡನೇ ವಿಧಿಯಲ್ಲೇ ಯಹೂದಿಗಳಿಗೆ ದೇಶದೊಳಗೆ ಪ್ರವೇಶವಿಲ್ಲ ಅಂತ ಬರೆದಿದ್ದರು. ಒಂದು ಕ್ಷಣ ಯೋಚಿಸಿ. ನೂರಮೂವತ್ತು ವರ್ಷದ ಹಿಂದೆ ಲಂಡನ್ನಿಂದ ಹಡಗಿಳಿದವನ ವಂಶಸ್ಥ ಆ ಸಭೆಯಲ್ಲಿ ಕೂತಿದ್ದಾನೆ, ಅವನನ್ನು ಯಾರೂ ಹೊರಗಿನವನು ಅನ್ನಲ್ಲ. ಅದೇ ಸಭೆ ಇನ್ನೊಂದು ಜನಕ್ಕೆ ಬಾಗಿಲು ಹಾಕುತ್ತೆ. ಹಾಗಾದರೆ ಹೊರಗಿನವನು ಒಳಗಿನವನಾಗೋಕೆ ಬೇಕಾದ್ದು ಕಾಲವೋ, ಹಣವೋ, ಧರ್ಮವೋ? ಜೇಮ್ಸ್ ಹತ್ತಿರ ರಾಜನಿಗೆ ಬೇಕಾದ ಗಿರಾಕಿಗಳಿದ್ದರು, ಅವನು ಒಪ್ಪಿತವಾದ ದೇವರನ್ನು ನಂಬುತ್ತಿದ್ದ. ‘ವಲಸೆ ಬಂದವರು ಬೆವರು ಸುರಿಸಿದರೆ ಊರು ಒಪ್ಪಿಕೊಳ್ಳುತ್ತೆ’ ಅನ್ನೋ ಮಾತನ್ನು ಇಂಥ ಮನೆತನಗಳ ಉದಾಹರಣೆ ಕೊಟ್ಟು ಹೇಳೋರಿಗೆ ನನ್ನ ತಕರಾರು ಇದು. ಬೆವರು ಸುರಿಸೋಕೂ ಮೊದಲು ಬಂದರಿನಲ್ಲಿ ಇಳಿಯೋಕೆ ಬಿಡಬೇಕಲ್ವಾ?

ಆ ವಿಧಿಯನ್ನು ಜೋರಾಗಿ ಬೆಂಬಲಿಸಿದವರಲ್ಲಿ ನಿಕೊಲಾಯ್ ವೆರ್ಗೆಲಾಂಡ್ ಅನ್ನೋ ಪಾದ್ರಿ ಒಬ್ಬ. ಅವನ ಮಗ ಹೆನ್ರಿಕ್ ವೆರ್ಗೆಲಾಂಡ್ ನಾರ್ವೆಯ ದೊಡ್ಡ ಕವಿ, ಮತ್ತು ಅದೇ ವಿಧಿಯನ್ನು ತೆಗೆಸೋಕೆ ಜೀವನದ ಕೊನೆವರೆಗೂ ಹೋರಾಡಿದವನು. 1845ರಲ್ಲಿ ಸತ್ತ, ವಿಧಿ ರದ್ದಾದದ್ದು 1851ರಲ್ಲಿ. ಅಪ್ಪ ಹಾಕಿದ ಬೀಗಕ್ಕೆ ಮಗ ಕೀಲಿ ಮಾಡಿದ, ಬಾಗಿಲು ತೆರೆದಾಗ ಅವನೇ ಇರಲಿಲ್ಲ. ಈ ಹೆನ್ರಿಕ್‌ನ ತಂಗಿಯೇ ಕಮಿಲ್ಲಾ. ನನ್ನ ತಲೆಬರಹದಲ್ಲಿರೋ ಸೊಸೆ.

ಕಮಿಲ್ಲಾ ವೆರ್ಗೆಲಾಂಡ್ ಹುಟ್ಟಿದ್ದು 1813ರಲ್ಲಿ. ಹರೆಯದಲ್ಲಿ ಅವಳು ಪ್ರೀತಿಸಿದ್ದು ವೆಲ್‌ಹಾವೆನ್ ಅನ್ನೋ ಕವಿಯನ್ನು, ಅವನು ಅಣ್ಣನ ಸಾಹಿತ್ಯದ ಕಡುವೈರಿ. ಅಣ್ಣನ ವೈರಿಯ ಮೇಲೆ ಮನಸ್ಸಾದರೆ ಏನಾಗುತ್ತೆ ಅಂತ ನಮ್ಮ ಸಿನಿಮಾಗಳು ಸಾಕಷ್ಟು ತೋರಿಸಿವೆ. ಇಲ್ಲಿ ಅದಕ್ಕಿಂತ ಕೆಟ್ಟದ್ದಾಯಿತು, ಏನೂ ಆಗಲಿಲ್ಲ. ಹೆಣ್ಣು ತಾನಾಗಿ ಹೇಳೋ ಹಾಗಿಲ್ಲ, ಗಂಡು ಹೇಳಲಿಲ್ಲ. ವರ್ಷಗಟ್ಟಲೆ ಕಾದಳು. 1841ರಲ್ಲಿ ಪೀಟರ್ ಯೋನಾಸ್ ಕೊಲೆಟ್‌ನನ್ನು ಮದುವೆಯಾದಳು, ಮಂತ್ರಿ ಯೋನಾಸ್‌ನ ಸಂಬಂಧಿ, ಕಾನೂನು ಮೇಷ್ಟ್ರು, ಸಾಹಿತ್ಯ ವಿಮರ್ಶೆ ಬರೀತಿದ್ದವನು. ಒಳ್ಳೇ ಮನುಷ್ಯ, ಹೆಂಡತಿ ಬರೆಯಲಿ ಅಂತ ಬಯಸಿದವನು. ಹತ್ತೇ ವರ್ಷ. 1851ರಲ್ಲಿ ಅವನು ತೀರಿಕೊಂಡ. ನಾಲ್ಕು ಗಂಡುಮಕ್ಕಳು, ಮೂವತ್ತೆಂಟು ವಯಸ್ಸು. ಮನೆ ಮಾರಬೇಕಾಯಿತು. ಮಕ್ಕಳನ್ನು ನೆಂಟರ ಮನೆಗಳಿಗೆ ಹಂಚಿಹಾಕಬೇಕಾಯಿತು. ಮುಂದೆ ಅವಳಿಗೆ ತನ್ನದು ಅನ್ನೋ ಒಂದು ಸ್ಥಿರವಾದ ಮನೆ ಇರಲೇ ಇಲ್ಲ ಅನ್ನಬಹುದು, ಬಾಡಿಗೆ ಕೋಣೆ, ಪ್ರಯಾಣ, ಹೋಟೆಲು. ಹಲಗೆ ದೊರೆಗಳ ಸೊಸೆ.

1854-55ರಲ್ಲಿ ಎರಡು ಭಾಗಗಳಾಗಿ ಒಂದು ಕಾದಂಬರಿ ಬಂತು, ಲೇಖಕರ ಹೆಸರಿಲ್ಲದೆ. ‘ಅಮ್ಟ್‌ಮಾಂಡೆನ್ಸ್ ಡೊಟ್ರೆ’, ಅಂದ್ರೆ ಜಿಲ್ಲಾಧಿಕಾರಿಯ ಹೆಣ್ಣುಮಕ್ಕಳು. ಬರೆದವಳು ಕಮಿಲ್ಲಾ. ಕಥೆ ಇಷ್ಟು: ಅಧಿಕಾರಿಯ ಮನೆ, ಹೆಣ್ಣುಮಕ್ಕಳನ್ನು ಹೇಗಾದರೂ ಒಂದು ದಡ ಸೇರಿಸಬೇಕು ಅನ್ನೋ ತಾಯಿ. ಕೊನೇ ಮಗಳು ಸೋಫಿ ಮನೆಪಾಠದ ಮೇಷ್ಟ್ರನ್ನು ಪ್ರೀತಿಸ್ತಾಳೆ, ಅವನೂ ಪ್ರೀತಿಸ್ತಾನೆ. ಆದರೆ ಗೆಳೆಯನ ಮುಂದೆ ಮಾತಾಡುವಾಗ, ಎಲ್ಲಿ ನಗ್ತಾನೋ ಅಂತ, ಅಂಥದ್ದೇನಿಲ್ಲ ಮಾರಾಯ ಅನ್ನೋ ಧಾಟಿಯಲ್ಲಿ ಮಾತು ಹಾರಿಸಿಬಿಡ್ತಾನೆ. ಸೋಫಿ ಕೇಳಿಸಿಕೊಳ್ತಾಳೆ. ಅಷ್ಟೇ. ಅವಳು ಹೋಗಿ ವಯಸ್ಸಾದ ವಿಧುರ ಪಾದ್ರಿಯೊಬ್ಬನನ್ನು ಮದುವೆಯಾಗ್ತಾಳೆ. ಯಾರೂ ಸಾಯಲ್ಲ, ಯಾರೂ ವಿಲನ್ ಅಲ್ಲ. ಹಾಸ್ಟೆಲ್ ಕಾರಿಡಾರಿನಲ್ಲಿ ದಿನಾ ನಡೆಯೋ ಮಾತು ಅದು, ಗೆಳೆಯರ ಮುಂದೆ ಮರ್ಯಾದೆ ಉಳಿಸಿಕೊಳ್ಳೋಕೆ ಆಡೋ ಒಂದು ಸುಳ್ಳು. ನನಗಂತೂ ಆ ಭಾಗದ ಬಗ್ಗೆ ಓದಿದಾಗ ಸ್ವಲ್ಪ ನಾಚಿಕೆ ಆಯಿತು. ಯಾಕೆ ಅಂತ ಕೇಳಬೇಡಿ.

ಅವಳ ಪ್ರಶ್ನೆ ನೇರವಾದದ್ದು. ಹೆಣ್ಣಿನ ಮನಸ್ಸು ಏನು ಹೇಳುತ್ತೆ ಅಂತ ಯಾಕೆ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ? ಮದುವೆಯನ್ನು ಯಾಕೆ ಸರಕು ಸಾಗಿಸೋ ಹಾಗೆ ಮುಗಿಸ್ತೀರಿ? ಮದುವೆಗಳ ಮೇಲೆ ಕಟ್ಟಿದ ವ್ಯಾಪಾರಿ ಮನೆತನದ ಹೆಸರು ಹೊತ್ತವಳೇ ಈ ಮಾತು ಬರೆದದ್ದು. ನಾರ್ವೆಯ ಮೊದಲ ಪ್ರಮುಖ ವಾಸ್ತವವಾದಿ ಕಾದಂಬರಿ ಅಂತ ಅದನ್ನು ಅಲ್ಲಿಯವರು ಪಾಠ ಮಾಡ್ತಾರೆ. 1877ರಲ್ಲಿ ಅವಳು ‘ಮೂಕರ ಪಾಳೆಯದಿಂದ’ ಅನ್ನೋ ಅರ್ಥದ ಹೆಸರಿಟ್ಟು ಪ್ರಬಂಧಗಳನ್ನು ತಂದಳು. ಎರಡು ವರ್ಷ ಕಳೆದು ಇಬ್ಸೆನ್‌ನ ನೋರಾ ಬಾಗಿಲು ಬಡಿದು ಹೊರಟಳು. ಇಬ್ಸೆನ್ ಮೇಲೆ ಕಮಿಲ್ಲಾಳ ಪ್ರಭಾವ ಇತ್ತು ಅಂತ ಓದಿದವರೆಲ್ಲ ಹೇಳ್ತಾರೆ. ನಾವು ಮಾತ್ರ ಇಬ್ಸೆನ್ ಒಬ್ಬನನ್ನೇ ರಂಗಮಂಚಕ್ಕೆ ತರ್ತೀವಿ.

ಇನ್ನೊಂದು ವಿಷಯ ನನ್ನನ್ನು ಬೆಚ್ಚಿಬೀಳಿಸಿತು. 1854ರಲ್ಲೇ ನಾರ್ವೆಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಿತ್ರಾರ್ಜಿತ ಪಾಲು ಅನ್ನೋ ಕಾನೂನು ಬಂತು. ಅಲ್ಲಿಯವರೆಗೆ ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ಮತ್ತು ಅದೇ 1854ರಲ್ಲಿ ಗರಗಸದ ಗಿರಣಿಗಳ ಹಳೇ ಪರವಾನಗಿ ಪದ್ಧತಿಯನ್ನು ರದ್ದು ಮಾಡೋ ಕಾನೂನೂ ಪಾಸಾಯಿತು, ಜಾರಿಗೆ ಬಂದದ್ದು 1860ರಿಂದ. ಕಾಡಿದ್ದವನಿಗೆ ಹಲಗೆ ಕೊಯ್ಯೋ ಹಕ್ಕು, ಮಗಳಿಗೆ ಪಾಲಿನ ಹಕ್ಕು, ಮಗಳ ಮನಸ್ಸಿನ ಮೇಲೊಂದು ಕಾದಂಬರಿ, ಮೂರೂ ಒಂದೇ ವರ್ಷ. 1688ರ ಗಂಟು ಬಿಚ್ಚೋಕೆ ನೂರಾ ಎಪ್ಪತ್ತು ವರ್ಷ ಹಿಡಿದಿತ್ತು. ಆಮೇಲೆ ಆವಿ ಯಂತ್ರದ ಗಿರಣಿಗಳು ಬಂದವು, ಜಲಪಾತವೂ ಬೇಕಾಗಲಿಲ್ಲ. ವಂಶದ ಇನ್ನೊಂದು ಕೊಂಬೆಯವರು ಉತ್ತರದ ನಾಮ್‌ದಾಲೆನ್ ಕಡೆ ಮತ್ತೆ ಮರದ ಉದ್ಯಮಕ್ಕೇ ಇಳಿದರು, ಈ ಸಲ ರಾಜನ ಚೀಟಿ ಇಲ್ಲದೆ.

ಕಮಿಲ್ಲಾಳ ಮಕ್ಕಳಲ್ಲಿ ರಾಬರ್ಟ್ ಕೊಲೆಟ್ ಪ್ರಾಣಿಶಾಸ್ತ್ರಜ್ಞನಾದ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಅವನ ಹೆಸರಿನ ಒಂದು ವಿಷದ ಹಾವಿದೆ, ಕೊಲೆಟ್ಸ್ ಸ್ನೇಕ್. ಇನ್ನೊಬ್ಬ ಮಗ ಆಲ್ಫ್ ಮನೆತನದ ಇತಿಹಾಸ ಬರೆದ. ಕ್ರಿಶ್ಚಾನಿಯಾದ ಹಳೇ ಬದುಕು, ಫ್ಲಾಟೆಬಿ ಅನ್ನೋ ಹಳ್ಳಿ ಮನೆಯಲ್ಲಿ ನೆಂಟರಿಷ್ಟರೆಲ್ಲ ಸೇರಿ ಮಾಡ್ತಿದ್ದ ಬೇಟೆ, ಹಬ್ಬ. ಇವತ್ತು ನಮಗೆ ಈ ಮನೆತನದ ಬಗ್ಗೆ ಇಷ್ಟೆಲ್ಲ ಗೊತ್ತಿರೋದಕ್ಕೆ ಅಂಥ ಬರಹಗಳೂ ಕಾರಣ. ಜಾರುಬಂಡಿಯಲ್ಲಿ ಹಲಗೆ ಸಾಗಿಸಿದ ರೈತನ ಮೊಮ್ಮಗ ಅಂಥ ಪುಸ್ತಕ ಬರೀಲಿಲ್ಲ, ಬರೆಯೋಕೆ ಅವನ ಮನೆಯಲ್ಲಿ ಕಾಗದಪತ್ರ ಇರಲಿಲ್ಲ. ಇದ್ದದ್ದು ವ್ಯಾಪಾರಿಯ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಒಂದು ಬಾಕಿ.

ನನ್ನ ರೂಮ್‌ಮೇಟ್ ಇದನ್ನೆಲ್ಲ ಕೇಳಿ, ಲೇ, ನೀನು ಯಾರು ಗೆದ್ದರೂ ಕಲ್ಲು ಹುಡುಕ್ತೀಯ ಅಂದ. ಇರಬಹುದು. ಆದರೆ ಒಂದು ಲೆಕ್ಕ ನೋಡು ಅಂದೆ. ಓಸ್ಲೋ ಅರಮನೆಯ ಉದ್ಯಾನದಲ್ಲಿ ಗುಸ್ತಾವ್ ವಿಗೆಲಾಂಡ್ ಮಾಡಿದ ಒಂದು ಪ್ರತಿಮೆ ಇದೆ, 1911ರದು. ಮುದುಕಿಯೊಬ್ಬಳು ಎದುರುಗಾಳಿಗೆ ಶಾಲನ್ನು ಬಿಗಿಯಾಗಿ ಎಳೆದುಕೊಂಡು ನಿಂತಿದ್ದಾಳೆ. 1970ರ ದಶಕದ ಕೊನೆಯಿಂದ 1990ರ ದಶಕದವರೆಗೆ ನಾರ್ವೆಯವರ ನೂರು ಕ್ರೋನರ್ ನೋಟಿನ ಮೇಲೂ ಅವಳದೇ ಮುಖ ಇತ್ತು. ಕೊಲೆಟ್ ಅನ್ನೋ ಹೆಸರು ನೋಟಿನ ಮೇಲೆ ಬಂದದ್ದು ಗಿರಣಿ ಇದ್ದವರಿಂದಲ್ಲ, ಬಾಡಿಗೆ ಕೋಣೆಯಲ್ಲಿದ್ದವಳಿಂದ. ಅವನು ಹೆಡ್‌ಫೋನ್ ಹಾಕ್ಕೊಂಡು ಮಲಗಿದ.

ಮುಂದಿನ ಸೆಮಿಸ್ಟರ್‌ನಲ್ಲೂ ಅಂಥದ್ದೇ ಭಾಷಣ ಇದೆಯಂತೆ, ಪೋಸ್ಟರ್ ಬಿದ್ದಿದೆ. ಹೋಗ್ತೀನಿ, ಅಟೆಂಡೆನ್ಸೂ ಬೇಕು. ಪ್ರಶ್ನೋತ್ತರದಲ್ಲಿ ಮೈಕ್ ನಮ್ಮ ಸಾಲಿನವರೆಗೆ ಬಂದರೆ ಕೇಳೋದು ಒಂದೇ: ಸರ್, ನಿಮ್ಮ ಕಥೆಯಲ್ಲಿ 1688 ಯಾವ ವರ್ಷ ಬಂತು, ಆ ಚೀಟಿಗೆ ಸಹಿ ಹಾಕಿದವರು ಯಾರು?